ಸಾಮೂಹಿಕ ಹಿಂಸೆ ಮತ್ತು ದಂಡನೀತಿ: ಕಯ್ಯೂರು, ಈಸೂರು, ಕಂಬಾಲಪಲ್ಲಿ

ಹಲವರು ಸೇರಿ ಒಬ್ಬನನ್ನು ಹೊಡೆದರೆ ದಂಡವನ್ನು ಅವರಲ್ಲಿ ಹಂಚಬೇಕೆ, ಹೆಚ್ಚಿಸಬೇಕೆ? ಈ ಪ್ರಶ್ನೆ ಆಂಗ್ಲರ ಕಾನೂನಿನೊಡನೆ ನಮ್ಮ ನಾಡಿಗೆ ಬಂದುದಲ್ಲ. ಅಂತಹ ಸಂದರ್ಭದಲ್ಲಿ ವಿಹಿತವಾದುದರ ಎರಡರಷ್ಟು ದಂಡವನ್ನು ವಿಧಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿಯೇ.

1860ರ ಭಾರತೀಯ ದಂಡಸಂಹಿತೆ ಇದಕ್ಕೆ ಎರಡು ದಾರಿಗಳನ್ನು ಹಾಕಿತು. ಹಲವರು ಒಂದೇ ಸಂಕಲ್ಪದಿಂದ ಎಸಗಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಎಸಗಿದಂತೆ ಹೊಣೆ ಎಂಬುದು 34ನೆಯ ಕಲಮು. ಆ ಕೃತ್ಯವು ಸರ್ವರ ಸಂಕಲ್ಪದ ಸಾಧನೆಗಾಗಿ ನಡೆದಿರಬೇಕೆಂಬ ಮಾತು ಅದರಲ್ಲಿ ಸೇರಿದುದು 1870ರಲ್ಲಿ. 149ನೆಯ ಕಲಮು ಇನ್ನೂ ವಿಶಾಲವಾದುದು. ಐವರು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದಲ್ಲಿ ಸಾಮಾನ್ಯ ಉದ್ದೇಶಕ್ಕಾಗಿ ಒಬ್ಬನು ಅಪರಾಧವೆಸಗಿದರೆ ಆ ವೇಳೆ ಕೂಟದಲ್ಲಿದ್ದ ಪ್ರತಿಯೊಬ್ಬನೂ ಅಪರಾಧಿಯೇ. ಅಂತಹ ಅಪರಾಧ ನಡೆಯಬಹುದೆಂದು ಸದಸ್ಯರು ಬಲ್ಲವರಾಗಿದ್ದರೂ ಸಾಕು. ಒಂದೇ ಸಾಲಪತ್ರಕ್ಕೆ ಜಂಟಿಯಾಗಿ ರುಜು ಹಾಕಿದವರಲ್ಲಿ ಪ್ರತಿಯೊಬ್ಬನೂ ಇಡೀ ಸಾಲಕ್ಕೆ ಬಾಧ್ಯನಾಗುವಂತೆಯೇ ಇದು. ಆದರೆ ಸಾಲಗಾರನ ರುಜು ಕಾಗದದ ಮೇಲಿರುತ್ತದೆ. ಗುಂಪಿನಲ್ಲಿ ನಿಂತವನ ರುಜುವನ್ನು ಸಾಕ್ಷಿಗಳ ಕಣ್ಣಿನಲ್ಲಿ ಹುಡುಕಬೇಕಾಗುತ್ತದೆ.

ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತರ ಮೆರವಣಿಗೆ ಹೊರಟಿತು. ದಾರಿಯಲ್ಲಿ ಸಿಕ್ಕ ಪೊಲೀಸನೊಬ್ಬನು ಗುಂಪಿನಿಂದ ತಪ್ಪಿಸಿಕೊಳ್ಳಲು ಹೊಳೆಗೆ ಧುಮುಕಿ ಮುಳುಗಿ ಸತ್ತನು. ಕೊಂದವರು ಯಾರು? ಕಲ್ಲೆಸೆದವರೆ, ಘೋಷಣೆ ಕೂಗಿದವರೆ, ಹಿಂದೆ ನಡೆದು ಬಂದವರೆ? ಮೊಕದ್ದಮೆ ಮಂಗಳೂರಿನ ಸೆಷನ್ಸ್ ನ್ಯಾಯಾಲಯದಿಂದ ಮದರಾಸು ಹೈಕೋರ್ಟಿಗೆ ಬಂದಿತು. ಮರಣದಂಡನೆಯಾದ ಐವರಲ್ಲಿ ಒಬ್ಬನು ಎಳೆಯ ವಯಸ್ಸಿನ ಕಾರಣ ಉಳಿದನು. ಅಪ್ಪು, ಚಿರುಕಂಡನ್, ಕುಞಂಬು, ಅಬೂಬಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಕಾದಂಬರಿ ಅವರನ್ನು ಕನ್ನಡಿಗರ ನೆನಪಿನಲ್ಲಿ ನಿಲ್ಲಿಸಿತು.

ಅದೇ ಮಾರ್ಚಿನಲ್ಲಿ ಮೈಸೂರು ಸಂಸ್ಥಾನವೂ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ನೇಣಿಗೇರಿಸಿತು. 1942ರ ಸೆಪ್ಟೆಂಬರಿನ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಹತರಾಗಿದ್ದರು. ಊರೇ ಎದ್ದು ನಿಂತಿದ್ದಾಗ ಕೊರಳೊಡ್ಡಿದವರು ಐವರು.

ಗುಂಪಿನ ಹೊಣೆಗೆ ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು 1964ರ ಮಸಾಲ್ತಿ ಮೊಕದ್ದಮೆಯಲ್ಲಿ ಎಲ್ಲೆಯನ್ನು ಗುರುತಿಸಿತು. ಕೂಟದ ಸದಸ್ಯನು ಸ್ವತಃ ಕೈಮಾಡಿರಬೇಕೆಂಬ ನಿಯಮವಿಲ್ಲ. ಆದರೆ ಕುತೂಹಲದಿಂದ ಬಂದು ನಿಂತ ನಿರಪರಾಧಿ ಸಿಕ್ಕಿಬೀಳಬಾರದು. ಆದುದರಿಂದ ಅನೇಕರ ಮೇಲೆ ಆರೋಪವಿರುವಲ್ಲಿ ಒಬ್ಬನೇ ಸಾಕ್ಷಿಯ ಮಾತನ್ನು ನೆಚ್ಚದೆ ಹಲವು ಸಾಕ್ಷಿಗಳ ಒಮ್ಮತವನ್ನು ನೋಡುವುದು ವಿವೇಕ.

ಈ ವಿವೇಕಕ್ಕೆ ಇನ್ನೊಂದು ಮುಖವೂ ಉಂಟು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲರ ಬಿಡುಗಡೆಯಾಯಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮನೆಗಳು ಉರಿದುದು ನಿಜ, ಏಳು ಜೀವಗಳು ಹೋದುದು ನಿಜ. ಕಾನೂನಿನ ಕಣ್ಣಿಗೆ ಕೊಂದವರು ಮಾತ್ರ ಇಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆ ಜಾರಿಗೆ ಬಂದು 149ನೆಯ ಕಲಮಿನ ಸ್ಥಾನವನ್ನು 190ನೆಯ ಕಲಮು ಪಡೆಯಿತು. ಜಾತಿ, ಭಾಷೆ ಮೊದಲಾದ ಕಾರಣಗಳಿಗಾಗಿ ಐವರು ಅಥವಾ ಹೆಚ್ಚು ಮಂದಿ ಸೇರಿ ಮಾಡುವ ಕೊಲೆಗೆ 103ನೆಯ ಕಲಮಿನಲ್ಲಿ ಪ್ರತ್ಯೇಕ ಉಪಬಂಧವೂ ಬಂದಿತು. ಸಂಖ್ಯೆಗಳು ಬದಲಾದರೂ ಹಳೆಯ ತೊಡಕು ಉಳಿದಿದೆ. ಸರಕಾರದ ಅಧಿಕಾರಿ ಸತ್ತಲ್ಲಿ ಗುಂಪಿನೊಳಗಿಂದ ಕೊರಳುಗಳು ದೊರೆತವು. ಬಡವರು ಸತ್ತಲ್ಲಿ ಗುಂಪೇ ಕರಗಿಹೋಯಿತು. ಹೊಣೆಯನ್ನು ಹಂಚುವ ಕಲಮು ಎಷ್ಟೇ ಬಲವಾಗಿರಲಿ, ಸಾಕ್ಷಿ ಹೇಳುವವನ ಬೆನ್ನಿಗೆ ಸಮಾಜ ನಿಲ್ಲದಿದ್ದರೆ ಅದು ಬರಿಯ ಅಕ್ಷರ.