ಸೈನೈಡ್ ದಿಬ್ಬದಲ್ಲಿ ಉಳಿದ ಲೋಹ: ಬಡ ಅದಿರಿನ ಟಂಗ್‌ಸ್ಟನ್ ಚರಿತ್ರೆ

ಪೀಠಿಕೆ

ಕೋಲಾರದ ಚಿನ್ನದ ಗಣಿಗಳ ಊರು ಕೆಜಿಎಫ್‌ನ ಸುತ್ತ ಬೂದುಬಣ್ಣದ 13 ದಿಬ್ಬಗಳಿವೆ. ಊರಿನವರು ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಚಿನ್ನ ತೆಗೆದು ಬಿಟ್ಟ ಕಲ್ಲಿನ ಹಿಟ್ಟು ಸುಮಾರು 3.3 ಕೋಟಿ ಟನ್ನಿನಷ್ಟು ಅಲ್ಲಿ ರಾಶಿ ಬಿದ್ದಿದೆ. ಆ ಹಿಟ್ಟಿನಲ್ಲಿ ಅಳಿದುಳಿದ ಚಿನ್ನದ ಜೊತೆಗೆ ಶೀಲೈಟ್ ಎಂಬ ಟಂಗ್‌ಸ್ಟನ್ ಖನಿಜವೂ ಇದೆ. ಅದಿರೊಂದನ್ನು ‘ಕಡಿಮೆ ದರ್ಜೆ’ ಎಂದು ತೀರ್ಮಾನಿಸುವುದರಲ್ಲಿ ಕಲ್ಲಿನ ಗುಣದಷ್ಟೇ ಆಯಾ ಕಾಲದ ಅಗತ್ಯ ಮತ್ತು ತಂತ್ರಕ್ಕೂ ಪಾಲಿದೆ ಎಂಬುದನ್ನು ಈ ದಿಬ್ಬಗಳ ಚರಿತ್ರೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಚಿನ್ನದ ಒಡನಾಡಿ

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ 1781ರಲ್ಲಿ ಶೀಲೈಟ್ ಖನಿಜದಿಂದ ಹೊಸ ಆಕ್ಸೈಡೊಂದನ್ನು ಬೇರ್ಪಡಿಸಿದ. ಖನಿಜಕ್ಕೆ ಆ ಹೆಸರು ಅವನಿಂದಲೇ ಬಂತು. 1783ರಲ್ಲಿ ಸ್ಪೇನಿನ ಎಲ್ಹುಯಾರ್ ಸಹೋದರರು ವುಲ್ಫ್ರಮೈಟ್ ಎಂಬ ಇನ್ನೊಂದು ಖನಿಜದಿಂದ ಲೋಹವನ್ನು ಪಡೆದರು. ಟಂಗ್‌ಸ್ಟನ್ 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸಾಂದ್ರತೆಯಲ್ಲಿ ಚಿನ್ನಕ್ಕೆ ಹೆಚ್ಚುಕಡಿಮೆ ಸಮ.

ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಗಣಿಗಾರಿಕೆಯನ್ನು ಬೆಳೆಸಿತು. ಗ್ಲಾಸ್ಗೋದಲ್ಲಿ ರೂಪುಗೊಂಡು 1887ರಲ್ಲಿ ಪೇಟೆಂಟ್ ಪಡೆದ ಸೈನೈಡ್ ವಿಧಾನ ಇಲ್ಲಿಗೂ ಬಂತು. ಸೈನೈಡ್ ದ್ರಾವಣ ಚಿನ್ನವನ್ನು ಕರಗಿಸುತ್ತದೆ, ಶೀಲೈಟನ್ನು ಮುಟ್ಟುವುದಿಲ್ಲ. ಹೀಗೆ ಸಾವಿರಾರು ಅಡಿ ಆಳದಿಂದ ಮೇಲೆತ್ತಿ, ಅರೆದು, ಜರಡಿ ಹಿಡಿದ ಖನಿಜದ ಬಹುಪಾಲು ಬೇಡವಾಗಿ ದಿಬ್ಬ ಸೇರಿತು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ದಿಬ್ಬಗಳು ಹಾಗೆಯೇ ನಿಂತವು.

ಭಾರತೀಯ ಗಣಿ ಬ್ಯೂರೋ 2010ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ ಸುಮಾರು 8.74 ಕೋಟಿ ಟನ್ ಟಂಗ್‌ಸ್ಟನ್ ಅದಿರಿದೆ; ಅದರಲ್ಲಿರುವ ಟಂಗ್‌ಸ್ಟನ್ ಆಕ್ಸೈಡ್ ಸುಮಾರು 1.42 ಲಕ್ಷ ಟನ್. ಭಾಗಿಸಿ ನೋಡಿದರೆ ಟನ್ ಕಲ್ಲಿಗೆ 1.6 ಕಿಲೋ. ಆ ಅದಿರಿನ ಶೇ. 42ರಷ್ಟು ಕರ್ನಾಟಕದ್ದು. ಮಾರುಕಟ್ಟೆ ಕೇಳುವ ಸಾಂದ್ರಿತ ಅದಿರಿನಲ್ಲಿ ಆಕ್ಸೈಡ್ ಶೇ. 65ರಷ್ಟಿರಬೇಕು. ಅಂದರೆ ಸುಮಾರು 400 ಪಟ್ಟು ಸಾಂದ್ರಗೊಳಿಸಬೇಕು.

ಬೇರ್ಪಡಿಸುವ ದಾರಿ

ಮೊದಲ ಹೆಜ್ಜೆ ಭಾರದ್ದು. ನೀರಿಗಿಂತ ಶೀಲೈಟ್ ಆರು ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಅಲುಗುವ ಮೇಜಿನ ಮೇಲೆ ನೀರು ಹರಿಸಿದರೆ, ಮೊರದಲ್ಲಿ ಕಾಳು ಕೇರಿದಂತೆ ಎರಡೂ ಬೇರೆಯಾಗುತ್ತವೆ. ತೊಡಕೆಂದರೆ ಶೀಲೈಟ್ ಬಲು ಬೇಗ ಪುಡಿಯಾಗುತ್ತದೆ. ಅರೆಯುವಾಗ ಕೆಸರಿನಂತೆ ನುಣ್ಣಗಾಗಿ ನೀರಿನೊಡನೆ ಹೊರಟುಹೋಗುತ್ತದೆ. ಅದನ್ನು ಹಿಡಿಯಲು ನೊರೆತೇಲಿಕೆ ಬೇಕು. ಸೋಡಿಯಂ ಒಲಿಯೇಟ್ ಎಂಬ ಸಾಬೂನಿನ ಬಗೆಯ ವಸ್ತು ಕಣಗಳನ್ನು ಗುಳ್ಳೆಗಳಿಗೆ ಅಂಟಿಸುತ್ತದೆ. ಆದರೆ ಶೀಲೈಟಿನಂತೆಯೇ ಕ್ಯಾಲ್ಸಿಯಂ ಇರುವ ಕ್ಯಾಲ್ಸೈಟ್ ಕೂಡ ಜೊತೆಗೇ ತೇಲುತ್ತದೆ. ಅದನ್ನು ತಡೆಯಲು ಸೋಡಿಯಂ ಸಿಲಿಕೇಟ್ ಬೆರೆಸಿ ಬಿಸಿ ಮಾಡುವ ವಿಧಾನವನ್ನು ಸೋವಿಯತ್ ತಂತ್ರಜ್ಞರು ರೂಪಿಸಿದರು; ಅದು ಪೆಟ್ರೋವ್ ಹೆಸರಿನಲ್ಲಿದೆ.

ಅಷ್ಟಾದರೂ ಬಡ ಅದಿರು ಶೇ. 65ನ್ನು ಮುಟ್ಟುವುದು ಕಷ್ಟ. ಹಟ ಹಿಡಿದು ಶುದ್ಧಿಗೆ ಹೋದರೆ ಲೋಹವೇ ಕೈತಪ್ಪುತ್ತದೆ. ಆದ್ದರಿಂದ ಅರೆಹದದ ಸಾಂದ್ರವನ್ನೇ ರಸಾಯನಕ್ಕೆ ಒಪ್ಪಿಸುವುದು ಜಾಣತನ. ಒತ್ತಡದ ಪಾತ್ರೆಯಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಸೋಡಾ ಜೊತೆ ಬೇಯಿಸಿದರೆ ಸೋಡಿಯಂ ಟಂಗ್‌ಸ್ಟೇಟ್ ಕರಗಿ ಬರುತ್ತದೆ. ಸಿಲಿಕಾ, ರಂಜಕ, ಮಾಲಿಬ್ಡಿನಂಗಳನ್ನು ತೆಗೆದು, ಸೀಮೆಎಣ್ಣೆಯಲ್ಲಿ ಬೆರೆಸಿದ ಅಮೀನ್‌ಗೆ ಟಂಗ್‌ಸ್ಟನ್ನನ್ನು ಎಳೆದು, ಅಮೋನಿಯಾದಿಂದ ಬಿಡಿಸಿ ಹರಳುಗಟ್ಟಿಸುತ್ತಾರೆ. ಹರಳನ್ನು ಕಾಯಿಸಿದರೆ ಹಳದಿ ಆಕ್ಸೈಡ್. ಅದನ್ನು ಹೈಡ್ರೋಜನ್‌ನಲ್ಲಿ ಕಾಯಿಸಿದರೆ ಬೂದು ಲೋಹದ ಪುಡಿ.

ಪುಡಿಯಿಂದ ಉಪಕರಣಕ್ಕೆ

ಇಷ್ಟು ಎತ್ತರದ ಉಷ್ಣದಲ್ಲಿ ಕರಗುವ ಲೋಹವನ್ನು ಎರಕ ಹೊಯ್ಯುವುದು ಸುಲಭವಲ್ಲ; ಪುಡಿಯನ್ನು ಒತ್ತಿ, ಕಾಯಿಸಿ ಗಟ್ಟಿ ಮಾಡಬೇಕು. ನವಿ ಮುಂಬಯಿಯ ತುರ್ಭೆಯಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಾಶಿ ಸಂಕೀರ್ಣದಲ್ಲಿ, ಈ ಪುಡಿಲೋಹ ವಿದ್ಯೆಗೆಂದೇ ವಿಭಾಗವೊಂದು ನೆಲೆಗೊಂಡಿತು. ಬೆಂಗಳೂರಿನಲ್ಲಿ 1964ರಲ್ಲಿ ಕಾರ್ಬೈಡ್ ಉಪಕರಣಗಳ ವಿಡಿಯಾ ಕಂಪನಿ ಶುರುವಾಯಿತು. ‘ವಜ್ರದಂತೆ’ ಎಂಬ ಜರ್ಮನ್ ಮಾತಿನಿಂದ ಬಂದ ಹೆಸರು. ಠಾಣೆ, ಡೊಂಬಿವಲಿಯ ವರ್ಕ್‌ಶಾಪುಗಳಲ್ಲಿ ಲೇತಿನ ಮುಂದೆ ನಿಂತವರು ಬಳಸುವ ಕಾರ್ಬೈಡ್ ಟಿಪ್‌ನ ಮೂಲವಸ್ತುವೂ ಟಂಗ್‌ಸ್ಟನ್ನೇ.

ಸಮಾರೋಪ

ಜಗತ್ತಿನ ಟಂಗ್‌ಸ್ಟನ್ ಉತ್ಪಾದನೆಯಲ್ಲಿ ಸಿಂಹಪಾಲು ಚೀನಾದ್ದು. 2023ರಲ್ಲಿ ಭಾರತ ತನ್ನ 30 ನಿರ್ಣಾಯಕ ಖನಿಜಗಳಲ್ಲಿ ಟಂಗ್‌ಸ್ಟನ್ನನ್ನು ಸೇರಿಸಿತು. 2025ರ ಫೆಬ್ರುವರಿಯಲ್ಲಿ ಚೀನಾ ಟಂಗ್‌ಸ್ಟನ್ ರಫ್ತಿಗೆ ನಿಯಂತ್ರಣ ಹೇರಿತು. ಅದಕ್ಕೂ ಮೊದಲೇ, 2024ರ ಜೂನ್‌ನಲ್ಲಿ, ಕರ್ನಾಟಕ ಸಂಪುಟ ಕೆಜಿಎಫ್‌ನ 13 ದಿಬ್ಬಗಳ ಗಣಿಗಾರಿಕೆಗೆ ಒಪ್ಪಿತ್ತು. ಆದರೆ ಮಾತು ಹೆಚ್ಚಾಗಿ ಚಿನ್ನದ ಸುತ್ತಲೇ ನಡೆಯಿತು. ಶೀಲೈಟನ್ನೂ ಲೆಕ್ಕಕ್ಕೆ ತಂದುಕೊಳ್ಳದೆ ಆ ಹಿಟ್ಟನ್ನು ಮತ್ತೆ ಅರೆದರೆ, ನೂರು ವರ್ಷದ ಹಿಂದಿನ ಮರೆವನ್ನೇ ನಾವು ಮತ್ತೆ ಮಾಡಿದಂತೆ. ಕಲ್ಲನ್ನು ಒಡೆದು ಮೇಲೆ ತರುವ, ಅರೆಯುವ ಕಷ್ಟದ ಬಹುಪಾಲನ್ನು ಅಂದಿನ ಕಾರ್ಮಿಕರು ತಮ್ಮ ಶ್ವಾಸಕೋಶ ಸವೆಸಿ ತೀರಿಸಿಹೋಗಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಗಾಳಿ ಬೀಸಿದಾಗ ಆ ದಿಬ್ಬಗಳ ದೂಳು ಕುಡಿಯುತ್ತಿದ್ದಾರೆ. ದಿಬ್ಬ ತೆರೆಯುವವರು ಅಲ್ಲಿನ ಪ್ರತಿ ಲೋಹದ ಲೆಕ್ಕವನ್ನೂ ಆ ದೂಳಿನ ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆಯಬೇಕು.