ಚಾವಣಿ ಹೋದ ಗೋಡೆಯೊಳಗಿನ ಆಟ

ಅಮೆರಿಕದ ಆರೆಗಾನ್ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಸಿಸ್ಕಿಯೂ ಬೆಟ್ಟಗಳ ಬುಡಕ್ಕೆ ಆತುಕೊಂಡಂತೆ ಆ್ಯಶ್‌ಲ್ಯಾಂಡ್ ಎಂಬ ಊರಿದೆ. ಜನಸಂಖ್ಯೆ ಸುಮಾರು 21 ಸಾವಿರ. ಊರ ನಡುವಿನ ಲಿಥಿಯಾ ಉದ್ಯಾನದ ಪಕ್ಕದ ದಿಣ್ಣೆಯ ಮೇಲೆ, ಬಳ್ಳಿ ಹಬ್ಬಿದ ದುಂಡನೆಯ ಕಾಂಕ್ರೀಟ್ ಗೋಡೆಯೊಂದು ನಿಂತಿದೆ. ಕಟ್ಟಿದವರು ಅದನ್ನು ನಾಟಕಕ್ಕೆಂದು ಕಟ್ಟಿರಲಿಲ್ಲ. ಆದರೂ ಇವತ್ತು ಬೇಸಿಗೆಯ ಸಂಜೆ ಆ ಗೋಡೆಯೊಳಗೆ ಸುಮಾರು 1,200 ಮಂದಿ ಆಕಾಶದ ಕೆಳಗೆ ಕೂತು ಷೇಕ್ಸ್‌ಪಿಯರನ ನಾಟಕ ನೋಡುತ್ತಾರೆ. ಇದು ಆ ಗೋಡೆಯ ಕಥೆ, ಗೋಡೆಯನ್ನು ಉಳಿಸಿಕೊಂಡ ಊರಿನ ಕಥೆ.

ಊರು ಹುಟ್ಟಿದ್ದು 1852ರಲ್ಲಿ. ಸುತ್ತಲಿನ ಕಣಿವೆಗಳಿಗೆ ಚಿನ್ನ ಹುಡುಕುವವರು ಬಂದಿಳಿಯುತ್ತಿದ್ದ ಕಾಲ. ಏಬೆಲ್ ಹೆಲ್ಮನ್ ಮತ್ತು ಜೊತೆಗಾರರು ಹಳ್ಳದ ದಂಡೆಯಲ್ಲಿ ಮರ ಕೊಯ್ಯುವ ಗಿರಣಿ ಹಾಕಿದರು, ಸ್ವಲ್ಪ ದಿನಕ್ಕೆ ಹಿಟ್ಟಿನ ಗಿರಣಿಯೂ ಬಂತು. 1887ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಕಡೆಯ ಹಳಿಯೂ ಆರೆಗಾನ್ ಕಡೆಯ ಹಳಿಯೂ ಕೂಡಿಕೊಂಡದ್ದು ಇದೇ ಊರಲ್ಲಿ. ಘಟ್ಟ ಹತ್ತುವ ರೈಲುಗಳು ಇಲ್ಲಿ ನಿಂತು ಹೋಗುವಂತಾದ ಮೇಲೆ ಹೋಟೆಲುಗಳು ಎದ್ದವು, ಹಣ್ಣಿನ ತೋಟಗಳಿಗೆ ಮಾರುಕಟ್ಟೆ ಸಿಕ್ಕಿತು.

ರೈಲಿನ ಹಿಂದೆಯೇ ಶಟಾಕ್ವ ಬಂತು. ಬೇಸಿಗೆಯಲ್ಲಿ ಹತ್ತಾರು ದಿನ ಭಾಷಣ, ಸಂಗೀತ, ಪಾಠ ಎಲ್ಲವನ್ನೂ ಒಂದೇ ಕಡೆ ಏರ್ಪಡಿಸುವ ಜ್ಞಾನಜಾತ್ರೆ ಅದು; ಆಗಿನ ಅಮೆರಿಕದ ಸಣ್ಣ ಊರುಗಳಿಗೆ ಹೊರಜಗತ್ತಿನ ಕಿಟಕಿ. 1893ರಲ್ಲಿ ಊರವರು ದಿಣ್ಣೆಯ ಮೇಲೆ ಮರದ ಗುಮ್ಮಟವೊಂದನ್ನು ಎಬ್ಬಿಸಿದರು. ಬ್ಯಾಂಡ್ ಸಂಗೀತದ ಜಾನ್ ಫಿಲಿಪ್ ಸೂಸಾ, ರಾಜಕೀಯ ವಾಗ್ಮಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಇಬ್ಬರೂ ಇಲ್ಲಿಗೆ ಬಂದುಹೋದರು. ಜನ ಹಿಡಿಸದಾದಾಗ ಕಟ್ಟಡವನ್ನು ಹಿಗ್ಗಿಸಿದರು. 1917ರಲ್ಲಿ ಅದೇ ಜಾಗದಲ್ಲಿ ಕಾಂಕ್ರೀಟ್ ಗೋಡೆಯ ಇನ್ನೂ ದೊಡ್ಡದನ್ನು ಕಟ್ಟಿದರು.

ದಿಣ್ಣೆಯ ಕೆಳಗಿನ ಉದ್ಯಾನವೂ ಅದೇ ಉಮೇದಿನ ಕೂಸು. ಹಳೆಯ ಹಿಟ್ಟಿನ ಗಿರಣಿಯ ಸುತ್ತಲಿನ ಕೊಳಕು ನೋಡಲಾಗದೆ ಊರಿನ ಮಹಿಳಾ ಸಂಘ ಹಟ ಹಿಡಿಯಿತು. ಹಳ್ಳದ ದಂಡೆಯ ನೆಲವನ್ನು ಉದ್ಯಾನಕ್ಕೆ ಮೀಸಲಿಡಲು 1908ರಲ್ಲಿ ಮತದಾರರು ಒಪ್ಪಿದರು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಉದ್ಯಾನವನ್ನು ಬೆಳೆಸಿದ ಜಾನ್ ಮೆಕ್‌ಲಾರೆನ್ ನಕ್ಷೆ ಹಾಕಿಕೊಟ್ಟರು, 1916ರ ಜುಲೈನಲ್ಲಿ ಉದ್ಘಾಟನೆಯಾಯಿತು. ಲಿಥಿಯಂ ಬೆರೆತ ಖನಿಜ ಜಲವನ್ನು ಕೊಳವೆಯಲ್ಲಿ ತಂದು, ಊರನ್ನು ಆರೋಗ್ಯಧಾಮ ಮಾಡುವ ಕನಸು ಆಗಿನವರದು. ಆ ಕನಸು ಕೈಗೂಡಲಿಲ್ಲ. ನೀರಿನ ಕಾರಂಜಿ ಮಾತ್ರ ಚೌಕದಲ್ಲಿ ಉಳಿದಿದೆ. ಗಂಧಕದ ವಾಸನೆಗೆ ಮೂಗು ಮುಚ್ಚಿಕೊಂಡೇ ಹೊಸಬರು ಒಂದು ಗುಟುಕು ಕುಡಿದು ನೋಡುತ್ತಾರೆ.

ಇಪ್ಪತ್ತರ ದಶಕ ಊರಿಗೆ ಒಳ್ಳೆಯದು ಮಾಡಲಿಲ್ಲ. ಕಾರು, ರೇಡಿಯೊ ಬಂದ ಮೇಲೆ ಶಟಾಕ್ವ ಕೇಳುವವರಿಲ್ಲದೆ ನಿಂತಿತು. ರೈಲು ಕಂಪನಿ ಕ್ಲಾಮತ್ ಫಾಲ್ಸ್ ಮೂಲಕ ಹೊಸ ಹಳಿ ಹಾಕಿದ್ದರಿಂದ ದೂರದ ಗಾಡಿಗಳು ಆ್ಯಶ್‌ಲ್ಯಾಂಡನ್ನು ಬಿಟ್ಟು ಆ ದಾರಿ ಹಿಡಿದವು. ಮೇಲಿಂದ ಮಹಾ ಆರ್ಥಿಕ ಕುಸಿತ. ಪಾಳುಬಿದ್ದ ಗುಮ್ಮಟದ ಚಾವಣಿಯನ್ನು 1933ರಲ್ಲಿ ಕೆಡವಿದರು. ಗೋಡೆ ಮಾತ್ರ ಉಳಿಯಿತು.

ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಆಂಗಸ್ ಬೋಮರ್ ಎಂಬ ತರುಣ ಮೇಷ್ಟರಿಗೆ ಆ ಬೋಳು ಗೋಡೆ ಬೇರೆಯೇ ಆಗಿ ಕಂಡಿತು. ಷೇಕ್ಸ್‌ಪಿಯರ್ ಕಾಲದ ಲಂಡನ್ನಿನ ರಂಗಮಂದಿರಗಳ ಚಿತ್ರ ನೋಡಿದ್ದವರು ಅವರು. ಹಾಗೇ ದುಂಡಗೆ, ಹಾಗೇ ನಡು ಬಯಲು. ಸ್ವಾತಂತ್ರ್ಯ ದಿನದ ಹಬ್ಬಕ್ಕೆ ಇದರೊಳಗೆ ಎರಡು ನಾಟಕ ಆಡೋಣ ಎಂದು ನಗರಸಭೆಯನ್ನು ಕೇಳಿದರು. ಸಭೆ 400 ಡಾಲರಿಗೆ ಮೀರದಂತೆ ಹಣ ಕೊಡಲು ಒಪ್ಪಿತು. ಆದರೆ ಷರತ್ತು ಹಾಕಿತು: ನಾಟಕ ನಷ್ಟ ಮಾಡುವುದು ಖಂಡಿತ, ಅದನ್ನು ತುಂಬಿಕೊಳ್ಳಲು ಹಗಲು ಅದೇ ವೇದಿಕೆಯ ಮೇಲೆ ಬಾಕ್ಸಿಂಗ್ ಪಂದ್ಯ ಆಗಬೇಕು. ಬೋಮರ್ ತಕರಾರು ಮಾಡಲಿಲ್ಲ. ಷೇಕ್ಸ್‌ಪಿಯರನ ಕಾಲದಲ್ಲೂ ನಾಟಕದ ಅಕ್ಕಪಕ್ಕದಲ್ಲೇ ಕರಡಿ ಕಾಳಗ ನಡೆಯುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು.

1935ರ ಜುಲೈ 2ರಂದು ‘ಟ್ವೆಲ್ಫ್ತ್ ನೈಟ್’. ಮರುದಿನ ‘ದಿ ಮರ್ಚಂಟ್ ಆಫ್ ವೆನಿಸ್’, ಅದರಲ್ಲಿ ಶೈಲಾಕ್ ಸ್ವತಃ ಬೋಮರ್. ಕಾಯ್ದಿರಿಸಿದ ಕುರ್ಚಿಗೆ ಒಂದು ಡಾಲರ್, ಉಳಿದಂತೆ ದೊಡ್ಡವರಿಗೆ 50 ಸೆಂಟ್, ಮಕ್ಕಳಿಗೆ 25. ಹಬ್ಬ ಮುಗಿದು ಲೆಕ್ಕ ಹಾಕಿದಾಗ ಬಾಕ್ಸಿಂಗ್ ನಷ್ಟದಲ್ಲಿತ್ತು. ನಾಟಕದ ಗಳಿಕೆಯಿಂದ ಆ ನಷ್ಟ ತುಂಬಿತು.

ಊರು ಅವತ್ತು ನಂಬಿದ್ದು ಕಲೆಯನ್ನಲ್ಲ, ಹಬ್ಬವನ್ನು. ಈ ಚರಿತ್ರೆಯಲ್ಲಿ ಮುಖ್ಯವಾದದ್ದು ಇದೇ. ಪಂದ್ಯ ನೋಡಲು ಬಂದವರೂ ‘ಮರ್ಚಂಟ್’ ನಾಟಕದ ಪೋರ್ಷಿಯಾಳ ವಾದ ಕೇಳಲು ಬಂದವರೂ ಒಂದೇ ಗೋಡೆಯೊಳಗೆ, ಒಂದೇ ರಜೆಯ ಖುಷಿಯಲ್ಲಿ ಇದ್ದರು. ಅಭಿಜಾತ ನಾಟಕ ಆ್ಯಶ್‌ಲ್ಯಾಂಡಿಗೆ ಬಂದದ್ದು ಊರಹಬ್ಬದ ಹೆಗಲೇರಿ.

ಆಮೇಲಿನದ್ದನ್ನು ಬೇಗ ಹೇಳಬಹುದು. ಎರಡನೇ ಮಹಾಯುದ್ಧದ ಕಾರಣ 1941ರಿಂದ 1946ರವರೆಗೆ ಆಟವಿಲ್ಲ. 1947ರಲ್ಲಿ ಹೊಸ ವೇದಿಕೆ. 1958ರ ಹೊತ್ತಿಗೆ ಷೇಕ್ಸ್‌ಪಿಯರನ ಎಲ್ಲ ನಾಟಕಗಳನ್ನೂ ಒಂದು ಸುತ್ತು ಆಡಿ ಮುಗಿಸಿದ್ದರು. ಮರುವರ್ಷ ಈಗಿನ ವೇದಿಕೆ ಎದ್ದಿತು. ಲಂಡನ್ನಿನ ಫಾರ್ಚೂನ್ ರಂಗಮಂದಿರ ಕಟ್ಟುವಾಗ ಬರೆದ ಕರಾರುಪತ್ರದ ಅಳತೆಗಳೇ ಅದಕ್ಕೆ ಆಧಾರ.

ಅಲ್ಲಿನ ಸಂಜೆ ಹೀಗೆ ಶುರುವಾಗುತ್ತದೆ. ನಾಟಕಕ್ಕೆ ಮುಂಚೆ, ಇಟ್ಟಿಗೆ ಹಾಸಿದ ಹೊರಅಂಗಳದಲ್ಲಿ ‘ಗ್ರೀನ್ ಷೋ’. ಟಿಕೆಟ್ ಇಲ್ಲ, ಬಾಗಿಲಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಕಂಬಳಿ ಹಾಸಿ ಕೂತವರಲ್ಲಿ ಒಳಗೆ ಹೋಗುವವರೂ ಇರುತ್ತಾರೆ, ಹಾಡು ಕುಣಿತ ನೋಡಿಕೊಂಡು ಮಕ್ಕಳನ್ನು ಮನೆಗೆ ಕರೆದೊಯ್ಯುವವರೂ ಇರುತ್ತಾರೆ. ಒಳಗಿನ ಟಿಕೆಟ್ ಬೆಲೆ ಎಲ್ಲರ ಕೈಗೆಟುಕುವಂಥದ್ದಲ್ಲ. ಆ ಕಾರಣಕ್ಕೇ ಈ ಅಂಗಳದ ಬೆಲೆ ದೊಡ್ಡದು. ಅದು ಮುಗಿದು ಒಳಗೆ ಜನ ಕೂತಾಗ ವೇದಿಕೆಯ ಮೇಲ್ತುದಿಯ ಕಿಟಕಿ ತೆರೆಯುತ್ತದೆ. ತುತ್ತೂರಿ ಮೊಳಗುತ್ತದೆ, ಬಾವುಟ ಏರುತ್ತದೆ. ಮೊದಲ ಅಂಕ ಇನ್ನೂ ಹಗಲ ಬೆಳಕಿನಲ್ಲಿ; ಮೂರನೆಯ ಅಂಕದ ಹೊತ್ತಿಗೆ ನಕ್ಷತ್ರ, ತಲೆಯ ಮೇಲೆ ಬಾವಲಿ, ಬೆಟ್ಟದಿಂದಿಳಿವ ಚಳಿ. ಮಳೆ ಬಂದರೆ ನಟರೂ ನೆನೆಯುತ್ತಾರೆ, ಪ್ಲಾಸ್ಟಿಕ್ ಹೊದಿಕೆಯೊಳಗಿನ ಪ್ರೇಕ್ಷಕರೂ ನೆನೆಯುತ್ತಾರೆ. ಕುವೆಂಪು ‘ಬಿರುಗಾಳಿ’ಯಾಗಿ ಕನ್ನಡಕ್ಕೆ ತಂದ ‘ದಿ ಟೆಂಪೆಸ್ಟ್’ ಇಲ್ಲಿ ನಡೆಯುವಾಗ ಗಾಳಿ ನಿಜವಾಗಿಯೇ ಬೀಸಬಹುದು.

1970ರಲ್ಲಿ ಬೋಮರ್ ಹೆಸರಿನ, ಚಾವಣಿಯಿರುವ ರಂಗಮಂದಿರ ಪಕ್ಕದಲ್ಲೇ ತೆರೆಯಿತು. ಬೇಸಿಗೆಯ ಹಬ್ಬ ವರ್ಷದ ಬಹುಪಾಲು ತಿಂಗಳಿಗೆ ಹಿಗ್ಗಿತು. ವಸತಿಗೃಹ, ಪುಸ್ತಕದಂಗಡಿ, ಊಟದ ಮನೆಗಳೆಲ್ಲ ಈ ಪ್ರೇಕ್ಷಕರನ್ನು ನೆಚ್ಚಿಕೊಂಡವು. 1993ರಲ್ಲಿ ನಗರವು ಹೋಟೆಲ್ ಊಟದ ಮೇಲೆ ಶೇ 5ರ ತೆರಿಗೆ ಹಾಕಿತು. ಆ ಹಣ ಹೋದದ್ದು ಕೊಳಚೆ ನೀರು ಶುದ್ಧೀಕರಣಕ್ಕೆ ಮತ್ತು ಉದ್ಯಾನಗಳಿಗೆ ಬಯಲು ಜಾಗ ಕೊಳ್ಳುವುದಕ್ಕೆ. ನಾಟಕಕ್ಕೆಂದು ಬಂದು ಊಟ ಮಾಡಿದವರು ತಮಗರಿವಿಲ್ಲದೆ ಊರಿಗೊಂದಿಷ್ಟು ಮರದ ನೆರಳು ಕೊಡಿಸಿ ಹೋಗಿದ್ದಾರೆ.

ಉದ್ಯಾನ ಅದಕ್ಕೆ ಮರುಪಾವತಿ ಮಾಡಿದ ಪ್ರಸಂಗವೂ ಉಂಟು. 2011ರ ಜೂನಿನಲ್ಲಿ ಬೋಮರ್ ಮಂದಿರದ ಮುಖ್ಯ ತೊಲೆ ಬಿರುಕು ಬಿಟ್ಟಿತು. ಪ್ರವಾಸಿಗರು ತುಂಬಿದ ಸಮಯ. ಲಿಥಿಯಾ ಉದ್ಯಾನದಲ್ಲಿ ದೊಡ್ಡ ಗುಡಾರ ಎದ್ದಿತು. ಸುಮಾರು 600 ಕುರ್ಚಿ, ಸರಳ ವೇದಿಕೆ. ರಿಪೇರಿ ಮುಗಿಯುವವರೆಗೆ ಹಳ್ಳದ ಸದ್ದಿನ ಪಕ್ಕದಲ್ಲೇ ಆಟ ನಡೆಯಿತು.

ತೊಲೆಯನ್ನು ರಿಪೇರಿ ಮಾಡಬಹುದು, ಗಾಳಿಯನ್ನು ಹೇಗೆ? ಕಾಳ್ಗಿಚ್ಚಿನ ಹೊಗೆ ಬೇಸಿಗೆಯಲ್ಲಿ ಕಣಿವೆಯೊಳಗೆ ಕೂತರೆ ಏಳುವುದಿಲ್ಲ. 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಯಲು ಪ್ರದರ್ಶನಗಳು ರದ್ದಾದವು ಇಲ್ಲವೇ ಒಳಗೆ ಸರಿದವು. ನಷ್ಟ ಸುಮಾರು 20 ಲಕ್ಷ ಡಾಲರ್. 2020ರಲ್ಲಿ ಕೋವಿಡ್ ಬಾಗಿಲು ಮುಚ್ಚಿಸಿತು. ಅದೇ ಸೆಪ್ಟೆಂಬರ್ 8ರಂದು ಆ್ಯಶ್‌ಲ್ಯಾಂಡಿನ ಉತ್ತರದ ಅಂಚಿನಲ್ಲಿ ಹತ್ತಿದ ಆಲ್ಮೀಡಾ ಬೆಂಕಿ ನೆರೆಯ ಟ್ಯಾಲೆಂಟ್, ಫೀನಿಕ್ಸ್ ಊರುಗಳ ಎರಡು ಸಾವಿರಕ್ಕೂ ಹೆಚ್ಚು ಮನೆಗಳನ್ನು ನುಂಗಿತು. 2023ರಲ್ಲಿ ಈ ನಾಟಕಗಳನ್ನು ಆಡಿಸುವ ಸಂಸ್ಥೆ 25 ಲಕ್ಷ ಡಾಲರಿಗಾಗಿ ಬಹಿರಂಗವಾಗಿ ಕೈಚಾಚಬೇಕಾಯಿತು. ಆ ವರ್ಷದ ಆಟಗಳನ್ನು ಉಳಿಸಿಕೊಳ್ಳುವುದಕ್ಕೇ ಅಷ್ಟು ಹಣ ಬೇಕಿತ್ತು.

ಹೊಗೆಯ ದಿನಗಳಲ್ಲಿ ಊರವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಎದುರಿನ ಬೆಟ್ಟವನ್ನು. ಅದರ ಅಂಚು ಸ್ಪಷ್ಟವಾಗಿ ಕಂಡರೆ ಆಟದ ಆಸೆ ಇಟ್ಟುಕೊಳ್ಳಬಹುದು. ಮಧ್ಯಾಹ್ನ ಗಾಳಿ ತಿರುಗಿ ಆಕಾಶ ತಿಳಿಯಾದರೆ ಸಂಜೆ ಇಟ್ಟಿಗೆ ಅಂಗಳದ ಹುಲ್ಲಿನ ಮೇಲೆ ಮತ್ತೆ ಕಂಬಳಿಗಳು ಹರಡಿಕೊಳ್ಳುತ್ತವೆ, ತುತ್ತೂರಿಯವನು ಮೇಲಿನ ಕಿಟಕಿಗೆ ಹತ್ತುತ್ತಾನೆ.