ಗುಡಾರದ ಸಿನಿಮಾ

ರೈಸ್ ಸಾಹೇಬರು 1894ರಲ್ಲಿ ಅಚ್ಚು ಹಾಕಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಸೇರಿವೆ. ದೇವರಿಗೆ ಗದ್ದೆ ಬಿಟ್ಟವರು, ಕೆರೆ ಕಟ್ಟಿಸಿದವರು, ಕಾಳಗದಲ್ಲಿ ಮಡಿದವರು, ಇಂಥವರ ಹೆಸರೆಲ್ಲ ಕಲ್ಲಿನಲ್ಲಿ ನಿಂತಿದೆ. ಆ ಸಂಪುಟ ಹೊರಬಂದ ಮರುವರ್ಷ, 1895ರ ಡಿಸೆಂಬರ್ 28ರಂದು, ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಹಣ ತೆತ್ತು ಬಂದ ಜನಕ್ಕೆ ಚಲಿಸುವ ಚಿತ್ರಗಳನ್ನು ತೋರಿಸಿದರು. 1896ರ ಜುಲೈ 7ರಂದು ಅದೇ ಆಟ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದಿತು. ಅಲ್ಲಿಂದ ಮುಂದೆ ಅದು ತಗಡೂರಿನಂಥ ಊರುಗಳ ಕಡೆಗೆ ಹೇಗೆ ನಡೆದುಬಂದಿತೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಅದು ಬಂದದ್ದು ಗುಡಾರದಲ್ಲಿ. ಗುಡಾರಕ್ಕೆ ಅಸ್ತಿವಾರವೇ ಇಲ್ಲವಷ್ಟೆ, ಶಾಸನವೆಲ್ಲಿ ಬಂದೀತು?

ನಮ್ಮಲ್ಲಿ ಸಿನಿಮಾದ ಚರಿತ್ರೆಯೆಂದು ಹೇಳತಕ್ಕದ್ದೆಲ್ಲ ಬಹುಮಟ್ಟಿಗೆ ಪಟ್ಟಣದ ಕಟ್ಟಡಗಳ ಚರಿತ್ರೆ. 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತೆಂದು ಎಲ್ಲರೂ ಬಲ್ಲರು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅದರಲ್ಲಿ ನಟಿಸಿದರು. ಕೆಲಸ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಇದನ್ನು ತಪ್ಪೆನ್ನುವವನು ನಾನಲ್ಲ. ಆದರೆ ಆ ಚಿತ್ರವನ್ನೂ ಅದರ ಹಿಂದೆ ಬಂದವನ್ನೂ ನೋಡಿದ ಹಳ್ಳಿಯ ಜನ ಪ್ಯಾರಾಮೌಂಟಿನ ಬಾಗಿಲನ್ನು ಕಂಡವರಲ್ಲ. ಅವರು ಕಂಡದ್ದು ಒಂದು ಕಂಬ, ಒಂದು ಪಟ, ಒಂದು ಬಿಳಿಯ ತೆರೆ.

ಈ ಕ್ರಮಕ್ಕೆ ದಕ್ಷಿಣದೇಶದಲ್ಲಿ ದಾರಿ ಹಾಕಿದವರಲ್ಲಿ ತಿರುಚಿನಾಪಳ್ಳಿಯ ಸಾಮಿಕಣ್ಣು ವಿನ್ಸೆಂಟರನ್ನು ಮೊದಲು ನೆನೆಯಬೇಕು. ಅವರು ರೈಲ್ವೆಯಲ್ಲಿ ನಕ್ಷೆ ಬರೆಯುತ್ತಿದ್ದ ನೌಕರರು. 1905ರಲ್ಲಿ ಡ್ಯುಪಾಂಟ್ ಎಂಬ ಫ್ರೆಂಚರವನಿಂದ ಯಂತ್ರವನ್ನೂ ಚಿತ್ರಗಳನ್ನೂ ಕೊಂಡು, ಊರೂರಿಗೆ ಗುಡಾರ ಹೊತ್ತು ಹೊರಟರು. ರೈಲು ಎಲ್ಲಿಯವರೆಗೆ ಹೋಗುತ್ತಿತ್ತೋ ಅಲ್ಲಿಯವರೆಗೆ ಇಂಥ ಸಾಮಾನು ಸುಲಭವಾಗಿ ಹೋಗುತ್ತಿತ್ತು. ನಮ್ಮ ಸೀಮೆಯಲ್ಲಿ ರೈಲು 1891ಕ್ಕೇ ನಂಜನಗೂಡನ್ನು ಮುಟ್ಟಿತ್ತು. 1926ರಲ್ಲಿ ಚಾಮರಾಜನಗರದವರೆಗೆ ಬೆಳೆಯಿತು. ಮಿಕ್ಕ ದಾರಿಗೆ ಎತ್ತಿನ ಗಾಡಿ ಇದ್ದೇ ಇದ್ದಿತು.

ಗುಡಾರದ ಒಳಗಿನ ವ್ಯವಸ್ಥೆಯನ್ನು ಕೊಂಚ ವಿವರವಾಗಿ ಹೇಳಬೇಕು. ಪಟ್ಟಣದ ಶ್ರೋತೃಗಳಲ್ಲಿ ಅನೇಕರು ಅದನ್ನು ನೋಡಿರಲಾರರು. ಮೈಸೂರು ನಗರಕ್ಕೆ 1908ರಲ್ಲಿಯೇ ವಿದ್ಯುದ್ದೀಪ ಬಂದಿದ್ದರೂ ಹಳ್ಳಿಗಳಿಗೆ ಬರಲು ಎಷ್ಟೋ ದಶಕಗಳು ಹಿಡಿದುವು. ಆದುದರಿಂದ ಗುಡಾರದವರು ಎಣ್ಣೆಯ ಎಂಜಿನನ್ನೂ ಡೈನಮೋವನ್ನೂ ತಾವೇ ತರಬೇಕಾಗಿತ್ತು. ಹಗಲು ಬೆಳಕು ಪಟದ ಸಂದಿನಿಂದ ನುಗ್ಗುವುದರಿಂದ ಆಟವೆಲ್ಲ ರಾತ್ರಿಯೇ: ಮೊದಲನೆಯ ಷೋ, ಎರಡನೆಯ ಷೋ, ಎರಡೇ. ಯಂತ್ರವೂ ಬಹುಶಃ ಒಂದೇ. ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುವುದು. ಬದಲಾಯಿಸುವವರೆಗೆ ಸೀತೆ ಲಂಕೆಯಲ್ಲಿಯೇ ಇರಬೇಕು, ಜನ ಕಡಲೆಕಾಯಿ ಸುಲಿಯಬೇಕು. ಮಳೆಗಾಲದಲ್ಲಿ ಗುಡಾರ ಕಿತ್ತು ಮಡಿಸಿಡುವರು.

ಕೂರುವುದಕ್ಕೆ ಹಿಂದೆ ಕುರ್ಚಿ, ನಡುವೆ ಬೆಂಚು, ಮುಂದೆ ನೆಲ. ನೆಲಕ್ಕೆ ಮರಳು ಹರಡುತ್ತಿದ್ದರು. ಮುಂದೆ ಕುಳಿತವನ ತಲೆ ಅಡ್ಡವಾದರೆ ಹಿಂದಿನವನು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಏರಿ ಕೂರುವನು. ಅವನ ಹಿಂದಿನವನು ಇನ್ನೂ ದೊಡ್ಡ ಗುಡ್ಡೆ ಮಾಡುವನು. ಹೆಂಗಸರಿಗೆ ಬೇರೆ ಜಾಗ, ನಡುವೆ ಒಂದು ಅಡ್ಡ ಮರೆ. ಸಂಜೆಯಾಗುತ್ತಲೇ ಕಂಬದ ತುದಿಯ ಧ್ವನಿವರ್ಧಕದಿಂದ ದೇವರ ಹಾಡು ಕೇಳಿಸುವುದು. ಮುಂದಿನ ಕಾಲದಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಇದಕ್ಕೆ ಪ್ರಸಿದ್ಧವಾಯಿತು. ಆ ಹಾಡು ಹೊಲಗಳನ್ನು ದಾಟಿ ಪಕ್ಕದ ಊರಿಗೆ ಕೇಳಿದರೆ ಟಿಕೆಟ್ಟು ಕೊಡಲು ಮೊದಲಾಯಿತೆಂದು ಅರ್ಥ. ಅಡಿಗೆಯ ಕೆಲಸ ಅವಸರದಲ್ಲಿ ಮುಗಿಯುತ್ತಿತ್ತು.

ಟಿಕೆಟ್ಟಿನ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ‘ಸತಿ ಸುಲೋಚನಾ’ ಬಂದ 1934ರ ಜನವರಿಯಲ್ಲಿಯೇ ಗಾಂಧಿಯವರು ಹರಿಜನ ಯಾತ್ರೆಯಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಈ ಸೀಮೆಯಲ್ಲಿಯೂ ಸಂಚರಿಸಿದರು. ತಗಡೂರು ರಾಮಚಂದ್ರರಾಯರ ಊರು. ಖಾದಿಯ ಬದನವಾಳು ಇದೇ ಸೀಮೆಯದು. ಗಾಂಧಿಯವರಿಗೆ ಸಿನಿಮಾ ಹಿಡಿಸುತ್ತಿರಲಿಲ್ಲ: 1927ರಲ್ಲಿ ನೇಮಕವಾದ ರಂಗಾಚಾರ್ಯರ ಸಮಿತಿ ಪ್ರಶ್ನೆಗಳನ್ನು ಕಳುಹಿಸಿದಾಗ, ತಾವು ಸಿನಿಮಾಕ್ಕೆ ಹೋದವರೇ ಅಲ್ಲವೆಂದು ತಿಳಿಸಿದರು. ಇಷ್ಟಾದರೂ, ದೇವಾಲಯದ ಬಾಗಿಲಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಮನುಷ್ಯನ ಜಾತಿಯನ್ನು ಕೇಳುತ್ತಿದ್ದ ಕಾಲದಲ್ಲಿ, ಗುಡಾರದ ಟಿಕೆಟ್ಟು ಕೇಳುತ್ತಿದ್ದದ್ದು ಕಾಸನ್ನು. ಅಷ್ಟರಿಂದಲೇ ಮರಳಿನ ಮೇಲೆ ಸಮತೆ ನೆಲಸಿತೆಂದು ನಾನು ಹೇಳುವುದಿಲ್ಲ. ಊರಿನ ರೂಢಿ ಊರಿನ ಜನರೊಡನೆಯೇ ಒಳಕ್ಕೆ ಬರುವುದು ಸಹಜ. ಯಾರು ಯಾರ ಪಕ್ಕದಲ್ಲಿ ಕುಳಿತರು, ಯಾರು ಎದ್ದು ಹೋದರು ಎಂಬುದು ನಮ್ಮ ಸಮಾಜದ ಚರಿತ್ರೆಗೆ ಬಲು ಬೆಲೆಯುಳ್ಳ ಸಂಗತಿ. ಅದನ್ನು ಹೇಳಬಲ್ಲವರು ಅಲ್ಲಿ ಕುಳಿತಿದ್ದವರೇ. ಅವರಿಗೆ ಈಗ ಬಹಳ ವಯಸ್ಸಾಗಿದೆ.

ಕನ್ನಡ ಚಿತ್ರಗಳು ಆಗ ವರ್ಷಕ್ಕೆ ಒಂದೆರಡು, ಕೆಲವು ವರ್ಷ ಅದೂ ಇಲ್ಲ. ಗುಡಾರಗಳು ತಮಿಳು, ಹಿಂದಿ ಚಿತ್ರಗಳನ್ನು ಆಶ್ರಯಿಸಬೇಕಾಯಿತು. ಆದರೆ ಗುಡಾರವೂ ಸ್ಟುಡಿಯೋವಿಗೆ ಜನರನ್ನು ಕೊಟ್ಟಿತು. ಬಿ. ವಿಠಲಾಚಾರ್ಯರು ಹಾಸನದ ಕಡೆ ಟೂರಿಂಗ್ ಟಾಕೀಸು ನಡೆಸಿ, ಅನಂತರ ಡಿ. ಶಂಕರಸಿಂಗರೊಡನೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ಮರಳಿನ ಮೇಲೆ ಕುಳಿತವನಿಗೆ ಏನು ಬೇಕೆಂಬುದು ಅವರಿಗೆ ಪುಸ್ತಕ ಓದಿ ತಿಳಿದದ್ದಲ್ಲ.

ಅಮೆರಿಕದ ಕ್ಯಾಮ್ಡನ್ ಊರಿನಲ್ಲಿ 1933ರ ಜೂನ್ 6ರಂದು ಹಾಲಿಂಗ್ಸ್‌ಹೆಡ್ ಎಂಬಾತ ಮೋಟಾರಿನಲ್ಲಿ ಕುಳಿತೇ ನೋಡುವ ಬಯಲು ಸಿನಿಮಾ ತೆರೆದನು. ‘ಡ್ರೈವ್-ಇನ್’ ಎಂಬ ಆ ಪದ್ಧತಿ 1973ರಲ್ಲಿ ಅಹಮದಾಬಾದಿಗೂ ಬಂದಿತು. ಅದರ ಚರಿತ್ರೆಯನ್ನು ಪ್ರೀತಿಯಿಂದ ಬರೆದಿದ್ದಾರೆ. ನಮ್ಮವರೂ ವಾಹನದಲ್ಲಿಯೇ ಬಂದರು, ಗಾಡಿ ಕಟ್ಟಿಕೊಂಡು. ಎತ್ತುಗಳನ್ನು ಹೊರಗೆ ಬಿಚ್ಚಿ ಹುಲ್ಲು ಹಾಕಿ ಒಳಕ್ಕೆ ಹೋದರು. ಇದನ್ನು ಬರೆದವರು ಕಡಮೆ.

ಸರಕಾರದ ನಿಯಮಗಳೂ ಗುಡಾರವನ್ನು ನಿಲ್ಲಗೊಡಲಿಲ್ಲ. 1964ರ ಸಿನಿಮಾ ನಿಯಂತ್ರಣ ಕಾಯಿದೆಯ ಕೆಳಗೆ ಸಂಚಾರಿ ಸಿನಿಮಾಕ್ಕೆ ಬೇರೆ ಲೈಸೆನ್ಸು, ಅದಕ್ಕೆ ಅವಧಿ; ಅವಧಿ ತೀರಿದ ಮೇಲೆ ಜಾಗ ಬಿಡಬೇಕು. ಇದಕ್ಕೆ ಕಾರಣವಿಲ್ಲದಿರಲಿಲ್ಲ. ಸುಮಾರು 1950ರವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಕಿಡಿ ತಗುಲಿದರೆ ಭಗ್ಗನೆ ಉರಿಯುವಂಥದು; ಮೇಲೆ ಬಟ್ಟೆಯ ಛಾವಣಿ. ಆದರೂ ಆ ಲೈಸೆನ್ಸಿನ ಕಡತಗಳಲ್ಲಿ ಊರು, ತಿಂಗಳು, ಮಾಲೀಕ, ಎಲ್ಲವೂ ಬರೆಯಲ್ಪಡುತ್ತಿದ್ದುವು. ಗುಡಾರಕ್ಕೆ ಶಾಸನವೆಂಬುದೇನಾದರೂ ಇದ್ದರೆ ತಾಲ್ಲೂಕು, ಜಿಲ್ಲಾ ಕಚೇರಿಗಳ ಆ ಕಟ್ಟುಗಳೇ. ಕಲ್ಲಿಗೆ ಇಲ್ಲದ ಶತ್ರು ಅವಕ್ಕುಂಟು: ಗೆದ್ದಲು.

ದೂರದರ್ಶನವೂ ವಿಡಿಯೋ ಸುರುಳಿಯೂ ಬಂದ ಮೇಲೆ ಗುಡಾರಗಳು ಒಂದೊಂದಾಗಿ ಮಡಿಸಿಹೋದುವು. ಪಟ್ಟಣದ ಗೋಡೆಗಳೂ ನಿಲ್ಲಲಿಲ್ಲ. ಮೈಸೂರಿನ ಶಾಂತಲಾ 2020ರಲ್ಲಿ, ಲಕ್ಷ್ಮೀ 2021ರಲ್ಲಿ ಬಾಗಿಲು ಹಾಕಿದುವು. ಆಗ ಪತ್ರಿಕೆಗಳು ಬರೆದುವು, ಚಿತ್ರ ಹಾಕಿದುವು. ಗುಡಾರ ಎದ್ದ ಮಾರನೆಯ ಬೆಳಗ್ಗೆ ಬಯಲಿಗೆ ಬರುತ್ತಿದ್ದವರು ಹುಡುಗರು ಮಾತ್ರ. ಹರಿದ ರೀಲನ್ನು ಅಂಟಿಸುವಾಗ ಕತ್ತರಿಸಿ ಎಸೆದ ಫಿಲ್ಮಿನ ತುಂಡುಗಳನ್ನು ಮರಳಿನಲ್ಲಿ ಹುಡುಕಿ, ಒಂದು ಕಣ್ಣು ಮುಚ್ಚಿ ಸೂರ್ಯನಿಗೆ ಹಿಡಿದು ನೋಡಿ, ತಗಡಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಅಂಥ ಡಬ್ಬಿ ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ಎಸೆಯುವ ಮುನ್ನ ಒಮ್ಮೆ ತೆರೆದು ನೋಡಿ. ಬಿಸಿಲಿಗೆ ಮಾತ್ರ ಹೆಚ್ಚು ಹೊತ್ತು ಹಿಡಿಯಬೇಡಿ.